ವಿಮಾನದ ಕೆಳಗಿನ ಊರುಗಳು

ಮುಂಬಯಿ ನಗರಿಗೆ ಹೊಸದಾಗಿ ಬಂದ ನಮ್ಮವರನ್ನು ಮೊದಲು ಕಂಗೆಡಿಸುವುದು ಅದರ ಜನಸಂದಣಿ, ಅನಂತರ ಅದರ ಮನೆಬಾಡಿಗೆ, ಆಮೇಲೆ ಅದರ ಸದ್ದು. ಜನಸಂದಣಿಗೆ ಮನುಷ್ಯ ಒಂದು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾನೆ. ಬಾಡಿಗೆಗೆ ಒಗ್ಗಿಕೊಳ್ಳದೆ ಗತ್ಯಂತರವಿಲ್ಲ. ಸದ್ದಿಗೆ ಮಾತ್ರ ತಾನು ಒಗ್ಗಿದ್ದೇನೆಂದು ಹೇಳಿಕೊಳ್ಳುತ್ತಾನೆಯೇ ಹೊರತು ನಿಜವಾಗಿ ಒಗ್ಗಿರುವುದಿಲ್ಲ. ಲೋಕಲ್ ಗಾಡಿಯ ಗಡಗಡ, ಪಕ್ಕದ ಮನೆಯ ಟೀವಿ, ಗಣೇಶನ ಹಬ್ಬದ ಡೋಲು, ಮೇಲಿನ ಮಹಡಿಯವರ ರುಬ್ಬುವ ಯಂತ್ರ, ಇವೆಲ್ಲ ನೆಲದ ಸದ್ದುಗಳು. ಬಾಗಿಲು ಹಾಕಿಯೋ, ವಿನಯದಿಂದ ಬೇಡಿಕೊಂಡೋ, ಕೊನೆಗೆ ಜಗಳವಾಡಿಯೋ ಇವನ್ನು ಹೇಗಾದರೂ ತಡೆಯಬಹುದು. ಆದರೆ ಆಕಾಶದಿಂದ ಬೀಳುವ ಸದ್ದಿಗೆ ಯಾರೊಡನೆ ಜಗಳವಾಡುವುದು?

ಈ ಪ್ರಶ್ನೆ ನಮ್ಮಂಥವರಿಗೆ ಈಗ ಏಕೆ ಬಂತೆಂದರೆ, ೨೦೨೫ರ ಅಕ್ಟೋಬರ್ ೮ರಂದು ನವಿ ಮುಂಬಯಿಯ ಹೊಸ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಯಾಣಿಕರ ವಿಮಾನಗಳು ಹಾರತೊಡಗಿದವು. ಅಂದಿನಿಂದ ನಮ್ಮ ಸಂಘದ ಕೂಟಗಳಲ್ಲಿ ಕಾಫಿಯ ಲೋಟ ಕೈಗೆ ಬರುವ ಮೊದಲೇ ಉಲ್ವೆ, ಪನ್ವೇಲ್, ಖಾರಘರ್ ಎಂಬ ಹೆಸರುಗಳು ಕೇಳಿಬರುತ್ತವೆ. ಬಾಡಿಗೆ ಮನೆಯಲ್ಲಿ ಹತ್ತು ಹದಿನೈದು ವರ್ಷ ಕಳೆದ ಸಂಸಾರಗಳು ಅಲ್ಲಿ ಸ್ವಂತದ್ದೊಂದು ಫ್ಲ್ಯಾಟು ಕೊಳ್ಳುವ ಯೋಚನೆಯಲ್ಲಿವೆ. ನಮ್ಮ ಸಂಸಾರವೂ ಅವುಗಳಲ್ಲೊಂದು. ಜೀವಮಾನದ ಉಳಿತಾಯವನ್ನು ಒಂದೆಡೆ ಸುರಿಯುವುದಕ್ಕೆ ಮುನ್ನ, ಈಗಾಗಲೇ ವಿಮಾನದ ಕೆಳಗೆ ಬಾಳುತ್ತಿರುವ ಊರುಗಳನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ ಬರೋಣವೆಂದು ನಾನೂ ಧಾರವಾಡದ ಕಡೆಯ ನನ್ನ ಸಹೋದ್ಯೋಗಿಯೊಬ್ಬರೂ ಎರಡು ಭಾನುವಾರಗಳನ್ನು ಮೀಸಲಿಟ್ಟೆವು.

ಮೊದಲನೆಯ ಭಾನುವಾರ ಜುಹೂವಿನಿಂದ ಹೊರಟೆವು. ಕಡಲತೀರಕ್ಕೂ ಭೇಲ್‌ಪುರಿಗೂ ಹೆಸರಾದ ಈ ಜುಹೂವೇ ಭಾರತದ ನಾಗರಿಕ ವಿಮಾನಯಾನದ ತವರುಮನೆಯೆಂಬುದು ಅಲ್ಲಿ ಮರಳಾಟ ಆಡುವ ಎಷ್ಟೋ ಜನಕ್ಕೆ ತಿಳಿಯದು. ೧೯೨೮ರಲ್ಲಿ ಇಲ್ಲಿ ವಿಮಾನದಾಣ ಆರಂಭವಾಯಿತು. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತ ಪುಟ್ಟ ‘ಪುಸ್ ಮಾತ್’ ವಿಮಾನವನ್ನು ತಾವೇ ನಡೆಸಿಕೊಂಡು, ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡು, ಈ ಜುಹೂವಿಗೆ ಬಂದಿಳಿದರು. ಅಹಮದಾಬಾದಿನಲ್ಲಿ ಆ ಪೆಟ್ರೋಲು ಎತ್ತಿನ ಗಾಡಿಯಲ್ಲಿ ಬಂದಿತ್ತಂತೆ. ಇಲ್ಲಿಂದ ಮುಂದಕ್ಕೆ ಅಂಚೆಯನ್ನು ಒಯ್ದವರು ಅವರ ಸಂಗಡಿಗರಾದ ನೆವಿಲ್ ವಿನ್ಸೆಂಟ್. ಅವರು ಮದರಾಸಿಗೆ ಹೋಗುವ ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ! ಟಾಟಾ ಅವರ ಆ ಪ್ರಥಮ ವಾಯುಮಾರ್ಗದ ಮೇಲೆ ಕನ್ನಡ ನೆಲದ ಊರೊಂದು ಇತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. ಆಗ ಆ ವಿಮಾನದ ಸದ್ದು ಕೇಳಿ ಬಳ್ಳಾರಿಯ ಜನ ಬೀದಿಗೆ ಓಡಿಬಂದಿರಬೇಕು. ವಾರಕ್ಕೊಮ್ಮೆ ಬರುವ ಸದ್ದು ಹಬ್ಬ. ನಿಮಿಷಕ್ಕೊಮ್ಮೆ ಬರುವ ಸದ್ದು ಹಿಂಸೆ.

ಜುಹೂವಿನ ಹಳೆಯ ದಾಣವನ್ನು ಈಗ ಮುಖ್ಯವಾಗಿ ಹೆಲಿಕಾಪ್ಟರುಗಳು ಬಳಸುತ್ತವೆ. ದೊಡ್ಡ ವಿಮಾನಗಳೆಲ್ಲ ಅದರ ಪೂರ್ವಕ್ಕಿರುವ ಸಾಂತಾಕ್ರೂಜ್ ನಿಲ್ದಾಣಕ್ಕೆ ಸೇರಿದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವಿಮಾನಗಳಿಗಿದ್ದ ಆ ಬಯಲು ಯುದ್ಧಾನಂತರ ನಾಗರಿಕರಿಗೆ ತೆರೆಯಿತು. ಆಗ ಅದು ಊರಿನ ಹೊರಗಿನ ಜಾಗ. ಊರು ಬೆಳೆದು ಅದನ್ನು ನಾಲ್ಕೂ ಕಡೆಯಿಂದ ತಬ್ಬಿಕೊಂಡಿತು. ಇಂದು ಪಶ್ಚಿಮಕ್ಕೆ ವಿಲೇಪಾರ್ಲೆ, ಜುಹೂ, ಉತ್ತರಕ್ಕೆ ಅಂಧೇರಿ, ಪೂರ್ವಕ್ಕೆ ಕುರ್ಲಾ, ಘಾಟ್ಕೋಪರ್, ದಕ್ಷಿಣಕ್ಕೆ ಕಲೀನಾ, ಸಾಂತಾಕ್ರೂಜ್. ನಡುವೆ ಸಿಕ್ಕಿಬಿದ್ದ ನಿಲ್ದಾಣದಲ್ಲಿ ಒಂದನ್ನೊಂದು ಅಡ್ಡಹಾಯುವ ಎರಡು ಓಡುದಾರಿಗಳಿವೆ. ಅಡ್ಡಹಾಯುವುದರಿಂದ ಎರಡನ್ನೂ ಸ್ವತಂತ್ರವಾಗಿ ಏಕಕಾಲಕ್ಕೆ ಬಳಸಲಾಗದು. ಬಹುತೇಕ ಕೆಲಸವೆಲ್ಲ ಪೂರ್ವಪಶ್ಚಿಮವಾಗಿರುವ ದೊಡ್ಡ ದಾರಿಯ ಮೇಲೆಯೇ ನಡೆಯುತ್ತದೆ. ಹೀಗಿದ್ದೂ ೨೦೧೮ರ ಡಿಸೆಂಬರಿನಲ್ಲಿ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ಇಲ್ಲಿ ಏರಿ ಇಳಿದವು. ಒಂದೂವರೆ ನಿಮಿಷಕ್ಕೊಂದು ಎಂದಾಯಿತು.

ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಗಾಳಿಗೆ ಎದುರಾಗಿಯೇ ಇಳಿಯಬೇಕು. ಮುಂಬಯಿಯಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಬೀಸುತ್ತದೆ. ಆದ್ದರಿಂದ ವರ್ಷದ ಬಹುಕಾಲ ವಿಮಾನಗಳು ಘಾಟ್ಕೋಪರ್, ಕುರ್ಲಾಗಳ ಮೇಲಿನಿಂದ ಇಳಿದು, ವಿಲೇಪಾರ್ಲೆ, ಜುಹೂಗಳ ಮೇಲಿನಿಂದ ಏರಿ ಕಡಲಿಗೆ ಹೋಗುತ್ತವೆ. ಏರುವ ಸದ್ದು ಒಂದು ಜಾತಿ, ಇಳಿಯುವ ಸದ್ದು ಇನ್ನೊಂದು ಜಾತಿ. ಏರುವಾಗ ಎಂಜಿನ್ನು ಪೂರ್ಣಶಕ್ತಿಯಿಂದ ಗರ್ಜಿಸುತ್ತದೆ, ಆದರೆ ವಿಮಾನ ಬೇಗ ಮೇಲಕ್ಕೆ ಹೋಗಿಬಿಡುತ್ತದೆ. ಇಳಿಯುವಾಗ ಎಂಜಿನ್ನಿನ ಸದ್ದು ಕಡಿಮೆ, ಆದರೆ ವಿಮಾನ ಬಹಳ ಹೊತ್ತು ತಗ್ಗಿನಲ್ಲಿಯೇ ಬರುತ್ತದೆ. ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುವುದರಿಂದ ನೆಲ ಮುಟ್ಟುವ ಸ್ಥಳದಿಂದ ಒಂದು ಕಿಲೊಮೀಟರ್ ದೂರದಲ್ಲಿ ಅದರ ಎತ್ತರ ಐವತ್ತು ಮೀಟರಿನಷ್ಟು ಮಾತ್ರ. ಐದು ಕಿಲೊಮೀಟರ್ ದೂರದಲ್ಲಿಯೂ ಇನ್ನೂರ ಅರವತ್ತು ಮೀಟರಿನಷ್ಟೇ. ಹಿಂದೆ ಶಾಲೆಯಲ್ಲಿ ಕಲಿತ ತ್ರಿಕೋನಮಿತಿ ಹೀಗೆ ಕುರ್ಲಾದ ತಗಡಿನ ಮಾಡುಗಳ ಮೇಲೆ ಉಪಯೋಗಕ್ಕೆ ಬರುತ್ತದೆಂದು ನನಗೆ ಆಗ ಯಾರೂ ಹೇಳಿರಲಿಲ್ಲ.

ಆ ಮಾಡುಗಳನ್ನು ನೋಡಲೆಂದೇ ನಾವು ಅಂಧೇರಿ ಕುರ್ಲಾ ರಸ್ತೆಯ ಬಸ್ಸು ಹಿಡಿದು ಜರಿಮರಿಯಲ್ಲಿ ಇಳಿದೆವು. ಓಡುದಾರಿಯ ಪೂರ್ವದ ಕೊನೆಗೆ ಹೊಂದಿಕೊಂಡಂತಿರುವ ಬಡವರ ವಸತಿಯಿದು. ಓಣಿಗಳು ಎಷ್ಟು ಕಿರಿದೆಂದರೆ ಎದುರಿಗೆ ಬಂದವರಿಗೆ ದಾರಿ ಬಿಡಲು ಗೋಡೆಗೆ ಬೆನ್ನು ಹಚ್ಚಬೇಕು. ಆ ಓಣಿಯ ಮೇಲಿನ ತುಂಡು ಆಕಾಶವನ್ನು ಒಂದು ವಿಮಾನ ಒಮ್ಮೆಗೇ ಮುಚ್ಚಿ ದಾಟಿಹೋಯಿತು. ಅದರ ಗಾಲಿಗಳು, ಹೊಟ್ಟೆಯಡಿಯ ಅಕ್ಷರಗಳು ಎಲ್ಲ ಸ್ಪಷ್ಟವಾಗಿ ಕಂಡವು. ನನ್ನ ಮಿತ್ರರು ಏನೋ ಹೇಳುತ್ತಿದ್ದರು. ಅವರ ತುಟಿಗಳು ಅಲುಗಿದವು, ಮಾತು ಕೇಳಲಿಲ್ಲ. ಅಲ್ಲಿ ಆಡುತ್ತಿದ್ದ ಹುಡುಗರು ತಲೆಯನ್ನೂ ಎತ್ತಲಿಲ್ಲ.

ಹೊಸ್ತಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದ ವೃದ್ಧೆಯೊಬ್ಬರು ನಮ್ಮ ಕನ್ನಡ ಕೇಳಿ ತಾವಾಗಿಯೇ ಮಾತನಾಡಿಸಿದರು. ಕಲಬುರಗಿ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಗಂಡನೊಡನೆ ಬಂದು ಇಲ್ಲಿಯೇ ನಿಂತವರು. “ಅವ್ವಾ, ಈ ಸಪ್ಪಳದಾಗ ಹೆಂಗ ಇರ್ತೀರಿ?” ಎಂದು ಮಿತ್ರರು ಕೇಳಿದರು.

“ಏನ್ ಮಾಡ್ಬೇಕು ತಮ್ಮಾ? ಇಮಾನ ಬಂತಂದ್ರ ಮಾತು ಅರ್ಧಕ್ಕ ನಿಲ್ಲಿಸಿ ಬಾಯಿ ಮುಚ್ಕೊಂಡು ಕುಂದರಬೇಕು. ಅದು ಹೋದ ಮ್ಯಾಲ ಏನ್ ಮಾತಾಡ್ತಿದ್ವಿ ಅನ್ನೋದs ಮರ್ತು ಹೋಗಿರ್ತದ. ಮೊಮ್ಮಗಳು ಓದ್ಲಿಕ್ಕಿ ಕುಂತ್ರ ಒಂದು ಸಾಲು ನಾಕು ಸಲ ಓದ್ತಾಳ.”

೨೦೨೦ರ ಮಾರ್ಚ್ ೨೫ರಿಂದ ಮೇ ೨೫ರ ವರೆಗೆ ದೇಶದೊಳಗಿನ ಪ್ರಯಾಣಿಕರ ವಿಮಾನಗಳು ನಿಂತಿದ್ದ ದಿನಗಳನ್ನು ನಾನು ನೆನಪಿಸಿದೆ. ಆಕೆ ಸೊಪ್ಪಿನ ಕಡ್ಡಿಯನ್ನು ಬದಿಗಿಟ್ಟು ಹೇಳಿದರು: “ಆ ಕೊರೊನಾದಾಗ ಕೆಲಸಿಲ್ಲ, ಕೂಳಿಲ್ಲ. ನಿದ್ದಿ ಮಾತ್ರ ಹೊಟ್ಟಿ ತುಂಬ ಬಂತು ನೋಡಪಾ.”

ಈ ಒಂದು ಮಾತಿನಲ್ಲಿರುವಷ್ಟು ತಥ್ಯ ನಾನು ಅನಂತರ ಓದಿದ ಅನೇಕ ಕಾಗದಪತ್ರಗಳಲ್ಲಿ ಇರಲಿಲ್ಲ. ಆದರೂ ಕಾಗದಪತ್ರಗಳನ್ನು ಓದುವುದು ನನ್ನ ವೃತ್ತಿಧರ್ಮವಾದ್ದರಿಂದ ಅವುಗಳ ಸಾರವನ್ನು ಇಲ್ಲಿ ಹೇಳುತ್ತೇನೆ.

ಸದ್ದನ್ನು ಅಳೆಯುವ ಮಾನ ಡೆಸಿಬೆಲ್. ಇದು ನಮ್ಮ ಸೇರು ಪಾವುಗಳಂತೆ ಕೂಡಿಸಿ ಲೆಕ್ಕ ಮಾಡತಕ್ಕದ್ದಲ್ಲ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. ವಿಮಾನಗಳ ಸಂಖ್ಯೆ ಇಮ್ಮಡಿಯಾದರೆ ಸರಾಸರಿ ಲೆಕ್ಕದಲ್ಲಿ ಏರುವುದು ಬರಿಯ ಮೂರು ಡೆಸಿಬೆಲ್. ಹೀಗಾಗಿ ಸರಾಸರಿಯ ಅಂಕೆಯನ್ನು ನೋಡಿ ಮೋಸಹೋಗಬಾರದು. ಸರಾಸರಿ ಎಂಬುದು ಗುಮಾಸ್ತರ ಅನುಕೂಲಕ್ಕಾಗಿ ಹುಟ್ಟಿದ್ದು. ನಿದ್ದೆ ಕೆಡುವುದು ಸರಾಸರಿಯಿಂದಲ್ಲ, ಎರಡು ಗಂಟೆಗೆ ಬಂದ ಒಂದು ವಿಮಾನದಿಂದ.

ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿ. ೨೦೧೮ರಲ್ಲಿ ವಿಮಾನ ನಿಲ್ದಾಣಗಳ ಸುತ್ತಲಿನ ವಲಯಕ್ಕೆಂದೇ ಬೇರೆ ಮಾನದಂಡ ಬಂತು. ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಹಾರಾಟವಿರುವ ನಿಲ್ದಾಣಗಳಲ್ಲಿ ಹಗಲು ೭೦, ರಾತ್ರಿ ೬೫. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ ಹೊರಡಿಸಿದ ಸೂಚನೆಯಲ್ಲಿ ವಿಮಾನದ ಸದ್ದು ರಾತ್ರಿ ೪೦ನ್ನು ಮೀರಬಾರದೆಂದಿದೆ. ಅಳೆಯುವ ಕ್ರಮದಲ್ಲಿ ತುಸು ವ್ಯತ್ಯಾಸವಿದ್ದರೂ ೪೦ಕ್ಕೂ ೬೫ಕ್ಕೂ ನಡುವಿನ ಅಂತರ ಎಂಥದೆಂಬುದನ್ನು ವಾಚಕರು ಊಹಿಸಬಹುದು.

ಇನ್ನೊಂದು ಸೋಜಿಗವಿದೆ. ನಿಲ್ದಾಣದ ಸುತ್ತ ಮನೆ ಕಟ್ಟುವವರು ವಿಮಾನ ನಿಲ್ದಾಣ ಪ್ರಾಧಿಕಾರದ ಎತ್ತರದ ನಿಯಮಕ್ಕೆ ಬದ್ಧರು. ಇಷ್ಟು ಮೀಟರಿಗಿಂತ ಮೇಲೇರಕೂಡದು. ವಿಲೇಪಾರ್ಲೆಯ ಎಷ್ಟೋ ಹಳೆಯ ಕಟ್ಟಡಗಳ ಪುನರ್ನಿರ್ಮಾಣ ತಡೆದಿರುವುದು ಈ ಎತ್ತರದ ಮಿತಿಯಿಂದ. ಇದು ವಿಮಾನದ ಸುರಕ್ಷಿತತೆಗಾಗಿ ಮಾಡಿದ್ದು, ಅಗತ್ಯವಾದದ್ದೇ. ಆದರೆ ಮನೆಯ ಎತ್ತರವನ್ನು ಅಳೆಯುವ ಶಾಸನಕ್ಕೆ ಅಷ್ಟೇ ಬಿಗಿಯಾಗಿ ಮನೆಯೊಳಗಿನವರ ನಿದ್ದೆಯನ್ನು ಅಳೆಯಲು ಬಂದಿಲ್ಲ.

ಹಾಗಾದರೆ ಉಪಾಯವೇನು? ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೨೦೦೧ರಲ್ಲಿ ನಾಲ್ಕು ಉಪಾಯಗಳನ್ನು ಒಟ್ಟಿಗೆ ಹೇಳಿದೆ. ಅವನ್ನು ತಿಳಿಯಲು ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ನೆನೆದರೆ ಸಾಕು. ಗಿರಣಿಯ ಸದ್ದು ತಡೆಯಲಾರದಾಗ ಏನು ಮಾಡುತ್ತೇವೆ? ಒಂದನೆಯದು, ಸದ್ದು ಕಡಿಮೆಯಿರುವ ಯಂತ್ರ ತರಿಸುತ್ತೇವೆ. ಎರಡನೆಯದು, ಗಿರಣಿಯ ಗೋಡೆಗೆ ಅಂಟಿಕೊಂಡು ಮಲಗುವ ಕೋಣೆ ಕಟ್ಟದೆ, ಅಲ್ಲಿ ಅಂಗಡಿಯನ್ನೋ ಉಗ್ರಾಣವನ್ನೋ ಇಡುತ್ತೇವೆ. ಮೂರನೆಯದು, ಯಂತ್ರ ನಡೆಸುವ ರೀತಿಯನ್ನು ತಿದ್ದುತ್ತೇವೆ. ನಾಲ್ಕನೆಯದು, ರಾತ್ರಿ ನಡೆಸಬೇಡವೆನ್ನುತ್ತೇವೆ. ವಿಮಾನಕ್ಕೂ ಇವೇ ನಾಲ್ಕು. ಮೊದಲನೆಯದನ್ನು ಎಂಜಿನ್ನು ಮಾಡುವವರು ಬಹುಮಟ್ಟಿಗೆ ಸಾಧಿಸಿದ್ದಾರೆ. ಐವತ್ತು ವರ್ಷದ ಹಿಂದಿನ ಜೆಟ್ಟಿಗೆ ಹೋಲಿಸಿದರೆ ಇಂದಿನದು ಬಹಳ ಸೌಮ್ಯ. ಮೂರನೆಯದೂ ನಾಲ್ಕನೆಯದೂ ನಿಲ್ದಾಣ ನಡೆಸುವವರ ಕೈಯಲ್ಲಿವೆ. ಎರಡನೆಯದು ಮಾತ್ರ ನಗರ ಯೋಜನೆಯ ಕೆಲಸ, ಮತ್ತು ಅದಕ್ಕೆ ಒಮ್ಮೆ ಮಾತ್ರ ಅವಕಾಶ. ಮನೆಗಳು ಎದ್ದ ಮೇಲೆ ನಕ್ಷೆ ಬದಲಿಸಿ ಪ್ರಯೋಜನವಿಲ್ಲ.

ಪಾಶ್ಚಾತ್ಯರು ಕಿಟಕಿಗೆ ಎರಡು ಪದರದ ಗಾಜು ಹಾಕಿ ಸದ್ದನ್ನು ತಡೆಯುತ್ತಾರೆ. ನಮ್ಮ ಸೆಕೆಯಲ್ಲಿ ಕಿಟಕಿ ಮುಚ್ಚಿದರೆ ಸದ್ದಿನಿಂದ ಬದುಕಿ ಬೆವರಿನಿಂದ ಸಾಯಬೇಕು. ತೆರೆದ ಕಿಟಕಿಯ ದೇಶದಲ್ಲಿ ಗಾಜಿಗಿಂತ ನಕ್ಷೆಯೇ ದೊಡ್ಡ ರಕ್ಷೆ.

ಜರ್ಮನಿಯ ಮ್ಯೂನಿಕ್ ನಗರದ ಕಥೆಯನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯ ರೀಮ್ ಎಂಬ ಹಳೆಯ ನಿಲ್ದಾಣವನ್ನು ೧೯೯೨ರ ಮೇ ತಿಂಗಳಲ್ಲಿ ಮುಚ್ಚಿ, ದೂರದ ಹೊಲಗದ್ದೆಗಳ ನಡುವೆ ಹೊಸ ನಿಲ್ದಾಣ ತೆರೆದರು. ವಿದ್ವಾಂಸರು ಈ ಸ್ಥಳಾಂತರಕ್ಕೆ ಮೊದಲೂ ಅನಂತರವೂ ಎರಡೂ ಕಡೆಯ ಶಾಲಾಮಕ್ಕಳನ್ನು ಪರೀಕ್ಷಿಸಿ, ಫಲವನ್ನು ೨೦೦೨ರಲ್ಲಿ ಪ್ರಕಟಿಸಿದರು. ಹಳೆಯ ನಿಲ್ದಾಣದ ಬಳಿಯ ಮಕ್ಕಳ ಓದುವ ಶಕ್ತಿಯೂ ನೆನಪೂ ಮೊದಲು ಹಿಂದುಳಿದಿದ್ದವು. ವಿಮಾನಗಳು ಹೋದ ಮೇಲೆ ಅವು ಸುಧಾರಿಸಿದವು. ಹೊಸ ನಿಲ್ದಾಣದ ಬಳಿಯ ಮಕ್ಕಳಲ್ಲಿ ಅದೇ ಶಕ್ತಿಗಳು ಕುಂದಿದವು. ಜರಿಮರಿಯ ಆ ಹುಡುಗಿ ಒಂದು ಸಾಲನ್ನು ನಾಲ್ಕು ಸಲ ಓದುವುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕಿಲ್ಲ. ನಿಲ್ದಾಣವನ್ನು ದೂರ ಸಾಗಿಸಿದರೆ ಸದ್ದು ನಾಶವಾಗುವುದಿಲ್ಲ, ಮನೆ ಬದಲಾಯಿಸುತ್ತದೆ. ಅದು ಹೋಗುವ ಹೊಸ ಜಾಗದಲ್ಲಿ ಮಕ್ಕಳಿರದಂತೆ ನೋಡಿಕೊಳ್ಳುವುದೇ ಯೋಜನೆ. ಮ್ಯೂನಿಕ್ಕಿನವರು ಹೊಸ ನಿಲ್ದಾಣ ತೆರೆದಾಗಲೇ ಅಲ್ಲಿಗೆ ನಗರದ ರೈಲನ್ನೂ ಓಡಿಸಿದರು. ಹಾಂಗ್‌ಕಾಂಗಿನವರೂ ಹಾಗೆಯೇ. ಮಹಡಿಗಳ ನಡುವೆ ಇದ್ದ ಕೈಟಾಕ್ ನಿಲ್ದಾಣವನ್ನು ೧೯೯೮ರ ಜುಲೈಯಲ್ಲಿ ಮುಚ್ಚಿ, ದ್ವೀಪದಂಚಿಗೆ ಸಮುದ್ರ ತುಂಬಿಸಿ ಕಟ್ಟಿದ ಹೊಸ ನಿಲ್ದಾಣಕ್ಕೆ ಹೋದಾಗ, ಅದರೊಡನೆಯೇ ಇಪ್ಪತ್ತನಾಲ್ಕು ನಿಮಿಷಕ್ಕೆ ನಗರದ ಮಧ್ಯಕ್ಕೆ ತಲುಪಿಸುವ ರೈಲೂ ಹೊರಟಿತು.

ಒಕ್ಕಲು ಮನೆತನದಿಂದ ಬಂದ ನಮ್ಮವರಿಗೆ ಹಿಡಿಸುವ ಇನ್ನೊಂದು ಸಂಗತಿ ಹಾಲೆಂಡಿನದು. ಆಮ್‌ಸ್ಟರ್‌ಡ್ಯಾಮಿನ ಶಿಪೋಲ್ ನಿಲ್ದಾಣದಲ್ಲಿ ಹೊಸ ಓಡುದಾರಿಯಾದ ಮೇಲೆ, ವಿಮಾನ ಏರಲು ಓಡುವಾಗಿನ ಗುಡುಗು ನೆಲದ ಮೇಲೆ ಹರಿದು ಬಹುದೂರ ಹೋಗುತ್ತಿತ್ತು. ಆದರೆ ಅಕ್ಕಪಕ್ಕದ ಹೊಲಗಳನ್ನು ಉತ್ತ ಕಾಲದಲ್ಲಿ ಅದು ಕಡಿಮೆಯಾಗುತ್ತಿದ್ದುದನ್ನು ಜನ ಗಮನಿಸಿದರು. ನೇಗಿಲ ಸಾಲುಗಳು ಸದ್ದನ್ನು ಚದರಿಸುತ್ತಿದ್ದವು! ಆ ಎಳೆಯನ್ನೇ ಹಿಡಿದು ದೊಡ್ಡ ದೊಡ್ಡ ಮಣ್ಣಿನ ಬದುಗಳನ್ನು ಸಾಲಾಗಿ ಎಬ್ಬಿಸಿ, ನಡುವೆ ದಾರಿಗಳನ್ನು ಬಿಟ್ಟು, ೨೦೧೩ರಲ್ಲಿ ಒಂದು ಉದ್ಯಾನವನ್ನೇ ಮಾಡಿದರು. ನೆತ್ತಿಯ ಮೇಲೆ ಹಾರುವ ವಿಮಾನಕ್ಕೆ ಈ ಉಪಾಯ ನಡೆಯದು. ನೆಲದ ಗುಡುಗಿಗೆ ನಡೆಯುತ್ತದೆ. ನಿಲ್ದಾಣದ ಪಕ್ಕದ ನೆಲವನ್ನು ಹೊಲವಾಗಿಯೇ ಬಿಡುವುದೂ ಒಂದು ಯೋಜನೆಯೆಂಬುದು ಇದರಿಂದ ತಿಳಿಯಬೇಕಾದದ್ದು.

ಜರಿಮರಿಯಿಂದ ಮರೋಳ್ ನಾಕಾಕ್ಕೆ ಬಂದು ಭೂಗರ್ಭದ ಮೆಟ್ರೊ ಹಿಡಿದೆವು. ಆರೆಯಿಂದ ಕಫ್ ಪರೇಡಿನ ವರೆಗೆ ಮೂವತ್ತಮೂರೂವರೆ ಕಿಲೊಮೀಟರಿನ ಈ ಮೂರನೆಯ ಮಾರ್ಗದ ಮೊದಲ ಭಾಗ ೨೦೨೪ರ ಅಕ್ಟೋಬರಿನಲ್ಲಿಯೂ ಕೊನೆಯ ಭಾಗ ೨೦೨೫ರ ಅಕ್ಟೋಬರಿನಲ್ಲಿಯೂ ತೆರೆದವು. ಮರೋಳಿನಿಂದ ಒಂದೇ ನಿಲ್ದಾಣಕ್ಕೆ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್. ಆಮೇಲೆ ಸಹಾರ್ ರಸ್ತೆ, ಆಮೇಲೆ ಮೊದಲನೆಯ ಟರ್ಮಿನಲ್. ಪೆಟ್ಟಿಗೆ ಹಿಡಿದ ಪ್ರಯಾಣಿಕರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮೇಲೆ ವಿಮಾನಗಳ ಆರ್ಭಟ. ಕೆಳಗೆ ಒಬ್ಬ ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು, ಮಗು ನಿದ್ರಿಸುತ್ತಿತ್ತು.

ರೈಲಿಗೂ ವಿಮಾನದ ಸದ್ದಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧ ಮೂರು ಬಗೆಯದು. ಒಂದು, ನಿಲ್ದಾಣವನ್ನು ಜನವಸತಿಯಿಂದ ದೂರವಿಡಬೇಕಾದರೆ ದೂರವನ್ನು ಹತ್ತಿರ ಮಾಡುವ ಸಾಧನ ಬೇಕು. ರೈಲಿಲ್ಲದಿದ್ದರೆ ಅಲ್ಲಿ ಕೆಲಸ ಮಾಡುವ ಸಾವಿರಾರು ಜನ, ಸಾಮಾನು ಹೊರುವವರು, ಗುಡಿಸುವವರು, ಅಡುಗೆಯವರು, ಕಾವಲಿನವರು, ಅನಿವಾರ್ಯವಾಗಿ ಅದರ ಗೋಡೆಗೇ ಬಂದು ನೆಲಸುತ್ತಾರೆ. ಎರಡು, ಮನೆಗಳು ರೈಲು ನಿಲ್ದಾಣವನ್ನು ಹಿಂಬಾಲಿಸುತ್ತವೆ. ವಿಮಾನದ ದಾರಿಯಿಂದ ಪಕ್ಕಕ್ಕೆ ಸರಿದ ಜಾಗಗಳಲ್ಲಿ ರೈಲು ನಿಲ್ದಾಣಗಳನ್ನಿಟ್ಟರೆ ವಸತಿ ತಾನಾಗಿಯೇ ಅಲ್ಲಿ ಬೆಳೆಯುತ್ತದೆ. ದಾರಿಯ ಕೆಳಗೆ ಉಗ್ರಾಣ, ಕಾರ್ಖಾನೆ, ಕಿಟಕಿ ಮುಚ್ಚಿ ಕೆಲಸ ಮಾಡುವ ಕಚೇರಿಗಳು ಇರಬಹುದು. ಮೂರು, ಒಳ್ಳೆಯ ರೈಲಿದ್ದರೆ ಸಮೀಪದ ಊರುಗಳಿಗೆ ವಿಮಾನವೇ ಬೇಡ. ಫ್ರಾನ್ಸ್ ದೇಶದಲ್ಲಿ ರೈಲಿನಿಂದ ಎರಡೂವರೆ ಗಂಟೆಯೊಳಗೆ ಮುಟ್ಟಬಹುದಾದ ಕೆಲವು ಊರುಗಳ ನಡುವಿನ ವಿಮಾನಗಳನ್ನು ೨೦೨೩ರಿಂದ ನಿಲ್ಲಿಸಿದ್ದಾರೆ.

ಈ ಮೂರನೆಯ ಮಾತು ನಮಗೂ ಅಂಟುತ್ತದೆ. ಜರಿಮರಿಯ ಮೇಲೆ ಹಾರುವ ವಿಮಾನಗಳಲ್ಲಿ ಬೆಂಗಳೂರಿನವು, ಮಂಗಳೂರಿನವು, ಹುಬ್ಬಳ್ಳಿಯವು ಎಷ್ಟಿಲ್ಲ! ಮುಂಬಯಿಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಗಾಡಿ ಸುಮಾರು ಒಂದು ಹಗಲು ಒಂದು ರಾತ್ರಿ ತೆಗೆದುಕೊಳ್ಳುತ್ತದೆ. ನಾಲ್ಕು ದಿನದ ರಜೆಯಲ್ಲಿ ಎರಡನ್ನು ಗಾಡಿಗೇ ಕೊಟ್ಟರೆ ಮಿಕ್ಕಿದ್ದು ಎಷ್ಟು? ತಾಯಿತಂದೆಗೆ ಹುಷಾರಿಲ್ಲವೆಂದು ಕೇಳಿದಾಗ ನಾವೂ ವಿಮಾನವನ್ನೇ ಹತ್ತುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ವೇಗದ ರೈಲನ್ನು ಕೇಳುವುದು ಬರಿಯ ನಮ್ಮ ಅನುಕೂಲದ ಬೇಡಿಕೆಯಲ್ಲ, ಕೆಳಗೆ ಮಲಗಿರುವವರ ಪರವಾದ ಬೇಡಿಕೆಯೂ ಹೌದು.

ಬೇರೆ ನಗರಗಳಲ್ಲಿರುವ ನಮ್ಮ ಬಂಧುಗಳ ಅನುಭವವೂ ಪಾಠ ಹೇಳುತ್ತದೆ. ಬೆಂಗಳೂರಿನಲ್ಲಿ ೨೦೦೮ರ ಮೇ ತಿಂಗಳಲ್ಲಿ ನಾಗರಿಕರ ನಿಲ್ದಾಣವನ್ನು ಎಚ್.ಎ.ಎಲ್.ನಿಂದ ದೇವನಹಳ್ಳಿಗೆ ಸಾಗಿಸಿದರು. ಹಳೆಯ ನಿಲ್ದಾಣದ ಸುತ್ತಲಿನವರಿಗೆ ಉಸಿರು ಬಂತು. ಹೊಸದಕ್ಕೆ ‘ವಾಯುವಜ್ರ’ ಬಸ್ಸುಗಳು ಓಡಿದವು. ರೈಲಿನ ಪುಟ್ಟ ನಿಲುಗಡೆ ಬಂದದ್ದು ೨೦೨೧ರಲ್ಲಿ. ಮೆಟ್ರೊ ಹಳಿಯ ಕೆಲಸ ಇನ್ನೂ ನಡೆದಿದೆ. ಈ ನಡುವೆ ಊರು ಬಳ್ಳಾರಿ ರಸ್ತೆಯುದ್ದಕ್ಕೂ ನಿಲ್ದಾಣದ ಕಡೆಗೆ ತಾನೇ ನಡೆದು ಹೋಯಿತು. ಹೈದರಾಬಾದಿನಲ್ಲಿಯೂ ಅದೇ ವರ್ಷ ಬೇಗಂಪೇಟೆಯಿಂದ ಶಂಷಾಬಾದಿಗೆ ನಿಲ್ದಾಣ ಹೋಯಿತು. ಮೇಲುಸೇತುವೆಯೂ ಹೊರವರ್ತುಲ ರಸ್ತೆಯೂ ಬಂದವು, ಮೆಟ್ರೊ ಬಂದಿಲ್ಲ. ದೆಹಲಿಯಲ್ಲಿ ೨೦೧೧ರಲ್ಲಿ, ಚೆನ್ನೈಯಲ್ಲಿ ೨೦೧೬ರಲ್ಲಿ ವಿಮಾನ ನಿಲ್ದಾಣಕ್ಕೆ ಮೆಟ್ರೊ ಮುಟ್ಟಿತು. ಆದರೆ ಆ ಎರಡು ಕಡೆಯೂ ಮನೆಗಳು ಅಷ್ಟರಲ್ಲಿಯೇ ಓಡುದಾರಿಯ ಸಮೀಪಕ್ಕೆ ಬಂದಾಗಿತ್ತು. ಒಟ್ಟಿನಲ್ಲಿ ನಮ್ಮ ದೇಶದ ಕ್ರಮ ಹೀಗಿದೆ: ಮೊದಲು ವಿಮಾನ, ಅನಂತರ ಮನೆ, ಕೊನೆಗೆ ರೈಲು. ಇರಬೇಕಾದ ಕ್ರಮ: ಮೊದಲು ನಕ್ಷೆ, ಅನಂತರ ರೈಲು, ಆಮೇಲೆ ವಿಮಾನವೂ ಮನೆಯೂ, ಒಂದಕ್ಕೊಂದು ದೂರವಾಗಿ.

ಎರಡನೆಯ ಭಾನುವಾರ ನವಿ ಮುಂಬಯಿಗೆ ಹೋದೆವು. ಹಾರ್ಬರ್ ಮಾರ್ಗದಲ್ಲಿ ಬೇಲಾಪುರದ ವರೆಗೆ ಹೋಗಿ ಉರಣದ ಗಾಡಿಗೆ ಬದಲಾಯಿಸಬೇಕು. ಈ ಉರಣ ಮಾರ್ಗ ೨೦೧೮ರಲ್ಲಿ ಖಾರ್ಕೋಪರಿನ ವರೆಗೂ ೨೦೨೪ರ ಜನವರಿಯಲ್ಲಿ ಉರಣದ ವರೆಗೂ ತೆರೆಯಿತು. ಬಾಮಣ್‌ಡೋಂಗರಿಯಲ್ಲಿ ಇಳಿದರೆ ಉಲ್ವೆ. ಒಂದು ಕಾಲಕ್ಕೆ ಇಲ್ಲಿ ಗುಡ್ಡ, ಗದ್ದೆ, ಉಪ್ಪುನೀರಿನ ಕಾಂಡ್ಲಾ ಗಿಡಗಳು, ಮೀನುಗಾರರ ಹಳ್ಳಿಗಳು. ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಕಡಿದು ಸಮ ಮಾಡಿದರು, ಹೊಳೆಯ ಪಾತ್ರವನ್ನು ತಿರುಗಿಸಿದರು, ಹತ್ತು ಹಳ್ಳಿಗಳ ಜನರನ್ನು ಬೇರೆಡೆಗೆ ಕಳಿಸಿದರು. ನಿಲ್ದಾಣದ ಪೂರ್ವಕ್ಕೆ ಪನ್ವೇಲ್, ಪಶ್ಚಿಮಕ್ಕೆ ಉಲ್ವೆ. ಓಡುದಾರಿಯೂ ಹೆಚ್ಚುಕಡಿಮೆ ಪೂರ್ವಪಶ್ಚಿಮವಾಗಿಯೇ ಇದೆ.

ಮನೆ ತೋರಿಸುವ ದಲ್ಲಾಳಿ ಬಹಳ ಉತ್ಸಾಹಿ. ಹನ್ನೆರಡನೆಯ ಮಹಡಿಗೆ ಕರೆದೊಯ್ದು ಬಾಲ್ಕನಿಯ ಬಾಗಿಲು ತೆರೆದು, “ನೋಡಿ ಸಾಹೇಬರೇ, ಇಲ್ಲಿಂದಲೇ ವಿಮಾನ ಕಾಣುತ್ತದೆ!” ಎಂದು ಹಿಂದಿಯಲ್ಲಿ ಹೇಳಿದರು. ನನ್ನ ಮಿತ್ರರು ಕನ್ನಡದಲ್ಲಿ ನನ್ನ ಕಿವಿಯಲ್ಲಿ, “ಕಾಣಲಿ ಬಿಡ್ರಿ, ಕೇಳಬಾರದು” ಎಂದರು.

ನಾವಿದ್ದ ಮುಕ್ಕಾಲು ಗಂಟೆಯಲ್ಲಿ ಕೇಳಿದ್ದು ತೀರ ಕಡಿಮೆ. ದಲ್ಲಾಳಿಯ ಮುಖ ಅರಳಿತು. ಆದರೆ ಇಂದಿನ ಮೌನವನ್ನು ನಂಬಿ ಇಪ್ಪತ್ತು ವರ್ಷದ ಸಾಲ ಮಾಡಲಾಗದು. ಈ ನಿಲ್ದಾಣದ ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ ಎರಡು ಕೋಟಿ ಪ್ರಯಾಣಿಕರು. ಎಲ್ಲ ಹಂತಗಳೂ ಮುಗಿದು ಎರಡನೆಯ ಓಡುದಾರಿಯೂ ಬಂದ ಮೇಲೆ ಒಂಬತ್ತು ಕೋಟಿ. ಈಗ ಹಾರುವುದು ಮೊದಲ ಹಂತದ ಒಂದು ಅಂಶ ಮಾತ್ರ. ಎರಡೂ ವಿಮಾನ ನಿಲ್ದಾಣಗಳನ್ನು ಜೋಡಿಸುವ ಮೆಟ್ರೊ ಮಾರ್ಗವೊಂದು ಯೋಜನೆಯಲ್ಲಿದೆ, ಹಳಿಯಾಗಿಲ್ಲ. ಮನೆಗಳು ಮಾತ್ರ ಯಾರಿಗೂ ಕಾಯದೆ ಏಳುತ್ತಿವೆ.

ಆದರೂ ನಾನು ನಿರಾಶನಾಗಿ ಬರಲಿಲ್ಲ. ಸಾಂತಾಕ್ರೂಜಿನಲ್ಲಿ ಇಲ್ಲದಿದ್ದ ಎರಡು ಅನುಕೂಲಗಳು ಇಲ್ಲಿವೆ. ರೈಲು ಮಾರ್ಗ ವಿಮಾನಕ್ಕಿಂತ ಮೊದಲೇ ಬಂದಿದೆ. ಸುತ್ತಲಿನ ನೆಲ ಇನ್ನೂ ಪೂರ್ತಿ ತುಂಬಿಲ್ಲ. ನವಿ ಮುಂಬಯಿಯನ್ನು ಕಟ್ಟಲೆಂದೇ ೧೯೭೦ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆಯಿದೆ. ನಿಲ್ದಾಣದ ಪ್ರಭಾವಕ್ಕೊಳಗಾಗುವ ಹಳ್ಳಿಗಳನ್ನು ಸೇರಿಸಿ ೨೦೧೩ರಲ್ಲಿಯೇ ‘ನೈನಾ’ ಎಂಬ ಪ್ರತ್ಯೇಕ ಯೋಜನಾ ಪ್ರದೇಶವನ್ನು ಸಾರಿದ್ದಾರೆ. ನಕ್ಷೆ ಬರೆಯುವ ಕೈ ಇನ್ನೂ ಮೇಜಿನ ಮೇಲಿದೆ.

ಆದ್ದರಿಂದ ಅಲ್ಲ�ಿ ಮನೆ ನೋಡುವ ನಮ್ಮವರಿಗೆ ಕೆಲವು ಮಾತುಗಳು. ನಕ್ಷೆಯಲ್ಲಿ ಓಡುದಾರಿಯ ಎರಡೂ ತುದಿಗಳಿಂದ ನೇರ ಗೆರೆಯೆಳೆದು ಹತ್ತು ಕಿಲೊಮೀಟರಿನ ವರೆಗೆ ನೋಡಿರಿ. ಯೋಜನೆಯಲ್ಲಿರುವ ಎರಡನೆಯ ಓಡುದಾರಿಗೂ ಹಾಗೆಯೇ ಮಾಡಿರಿ. ಗೆರೆಯ ಕೆಳಗಿರುವ ಮನೆಗಿಂತ ಗೆರೆಯಿಂದ ಪಕ್ಕಕ್ಕೆ ಎರಡು ಕಿಲೊಮೀಟರ್ ಸರಿದ ಮನೆ ಎಷ್ಟೋ ಮೇಲು. ಉದ್ದಕ್ಕಿಂತ ಅಡ್ಡದ ದೂರವೇ ಹೆಚ್ಚು ಕಾಯುತ್ತದೆ. ಹಗಲು ಮಾತ್ರವಲ್ಲದೆ ರಾತ್ರಿ ಹತ್ತರ ಮೇಲೂ ಒಮ್ಮೆ ಹೋಗಿ ನಿಲ್ಲಿರಿ. ಗಾಳಿ ತಿರುಗಿದರೆ ಏರುವ ಕಡೆ ಇಳಿಯುವ ಕಡೆಯಾಗುವುದರಿಂದ ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಕೇಳಿರಿ. ಮಲಗುವ ಕೋಣೆಯ ಕಿಟಕಿ ಯಾವ ಕಡೆಗಿದೆ, ಮಕ್ಕಳ ಶಾಲೆ ಎಲ್ಲಿದೆ ಎಂಬುದನ್ನು ಮನೆಯ ಹೆಂಗಸರು ಗಂಡಸರಿಗಿಂತ ಮೊದಲು ಕೇಳುತ್ತಾರೆ. ಅವರ ಮಾತಿಗೆ ಬೆಲೆ ಕೊಡಿರಿ. ವಿಮಾನ ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದು ಕೇಳುವ ಬದಲು ರೈಲು ನಿಲ್ದಾಣಕ್ಕೆ ಎಷ್ಟು ಹತ್ತಿರವೆಂದು ಕೇಳಿರಿ. ವಿಮಾನವನ್ನು ವರ್ಷಕ್ಕೆರಡು ಸಲ ಹತ್ತುವವರು ನಾವು. ರೈಲನ್ನು ದಿನಕ್ಕೆರಡು ಸಲ. ನನ್ನ ಮನೆಯಾಕೆ ಈ ಲೆಕ್ಕವನ್ನು ಕೇಳಿದವಳೇ ಹನ್ನೆರಡನೆಯ ಮಹಡಿಯ ಬಾಲ್ಕನಿಯನ್ನು ಬಿಟ್ಟುಬಿಟ್ಟಳು. ಈಗ ನಾವು ಗೆರೆಯಿಂದ ದೂರದಲ್ಲಿ, ಸ್ಟೇಷನ್ನಿಗೆ ನಡೆದು ಹೋಗುವ ಹಾದಿಯಲ್ಲಿ ಚಿಕ್ಕದೊಂದು ಮನೆ ಹುಡುಕುತ್ತಿದ್ದೇವೆ.

ಇನ್ನೊಂದು ಮಾತು, ಇದು ಸರ್ಕಾರಿ ಗುಮಾಸ್ತನ ಅನುಭವದಿಂದ. ೧೯೬೬ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ ಪ್ರಕಾರ ಯಾವುದೇ ವಿಕಾಸ ಯೋಜನೆಯ ಕರಡನ್ನು ಪ್ರಕಟಿಸಿ ಜನರಿಂದ ಸಲಹೆ, ಆಕ್ಷೇಪಣೆಗಳನ್ನು ಕರೆಯಬೇಕು. ಕರೆಯುತ್ತಾರೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಪ್ರಕಟಣೆ ಬರುತ್ತದೆ, ಗಡುವು ಕಳೆಯುತ್ತದೆ. ಅರ್ಜಿ ಬಾರದ ವಿಷಯವೆಂದರೆ ಕಡತದಲ್ಲಿ ಇಲ್ಲದ ವಿಷಯ. ಕಡತದಲ್ಲಿ ಇಲ್ಲದ ವಿಷಯವೆಂದರೆ ಲೋಕದಲ್ಲಿಯೇ ಇಲ್ಲದ ವಿಷಯ. ವಿಮಾನದ ದಾರಿಯ ಕೆಳಗೆ ಶಾಲೆ, ಆಸ್ಪತ್ರೆ, ವಸತಿಗಳನ್ನಿಡಬೇಡಿ, ನಿಲ್ದಾಣದ ಕೆಲಸಗಾರರಿಗೆ ಬೆಳಗಿನ ಜಾವಕ್ಕೂ ರಾತ್ರಿಯ ಪಾಳಿಗೂ ಗಾಡಿ ಓಡಿಸಿ ಎಂದು ಬರೆಯಲು ಒಂದು ಹಾಳೆ ಸಾಕು. ನಮ್ಮ ಸಂಘದಲ್ಲಿ ಮರಾಠಿ ಚೆನ್ನಾಗಿ ಬರೆಯಬಲ್ಲವರು ಹತ್ತು ಜನರಾದರೂ ಇದ್ದಾರೆ. ಮುಂದಿನ ಪ್ರಕಟಣೆ ಬಂದಾಗ ನಾಟಕೋತ್ಸವದ ತಾಲೀಮಿನ ನಡುವೆ ಒಂದು ಸಂಜೆ ಬಿಡುವು ಮಾಡಿಕೊಂಡು, ನಾವು ಕೂಡಿ ಕುಳಿತು ಆ ಒಂದು ಹಾಳೆಯನ್ನು ಬರೆಯೋಣ. ಕರಡನ್ನು ತಿದ್ದುವ ಕೆಲಸ ನನಗಿರಲಿ.